ಟೈರ್ ಒಂದೇ ಕಡೆ ಸವೆಯುತ್ತಿದ್ದರೆ ಮೊದಲು ತೂಕ ಹಾಕಿಸಿ

ಸಿ.ವಿ. ರಾಮನ್ ನಗರದ ಒಳರಸ್ತೆಗಳಲ್ಲಿ ಅಲ್ಲೊಂದು ಇಲ್ಲೊಂದು ಕ್ಯಾಂಪರ್ ವ್ಯಾನ್ ನಿಂತಿರುವುದನ್ನು ನೀವು ನೋಡಿರಬಹುದು. ಹೆಚ್ಚಿನವು ಹಳೇ ಟೆಂಪೊ ಟ್ರಾವೆಲರ್‌ಗಳು. ಸೀಟು ಕಿತ್ತು ಮಂಚ, ಸಿಂಕು, ಫ್ರಿಜ್ಜು, ನೀರಿನ ಟ್ಯಾಂಕು ಕೂರಿಸಿದ ಗಾಡಿಗಳು. ವಾರಗಟ್ಟಲೆ ಮನೆ ಮುಂದೆ ನಿಂತು, ಸಾಲು ರಜೆ ಬಂದರೆ ಹಂಪಿಗೋ ಗೋಕರ್ಣಕ್ಕೋ ಹೊರಡುತ್ತವೆ. ಇಂಥ ಗಾಡಿ ಇಟ್ಟವರು ಮೆಕ್ಯಾನಿಕ್ ಹತ್ತಿರ ಹೇಳುವ ದೂರು ಸಾಮಾನ್ಯವಾಗಿ ಒಂದೇ: "ಟೈರ್ ತಿಂತಾ ಇದೆ." ಮೆಕ್ಯಾನಿಕ್ ಕೊಡುವ ಉತ್ತರವೂ ಒಂದೇ: "ಅಲೈನ್‌ಮೆಂಟ್ ಮಾಡ್ಸಿ ಸಾರ್."

ಆ ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ. ಮಾಮೂಲಿ ಕಾರು ಬಹುಪಾಲು ಖಾಲಿಯಾಗಿಯೇ ಓಡುತ್ತದೆ. ಕ್ಯಾಂಪರ್ ಮಾತ್ರ ಎಂದೂ ಖಾಲಿ ಇರುವುದಿಲ್ಲ. 120 ಲೀಟರ್ ನೀರೆಂದರೆ 120 ಕಿಲೋ. ಮನೆಯ ಇನ್ವರ್ಟರಿಗೆ ಹಾಕುವ 150 ಎಎಚ್ ಟ್ಯೂಬುಲರ್ ಬ್ಯಾಟರಿ ಒಂದೊಂದೂ 50 ಕಿಲೋ ದಾಟುತ್ತದೆ. ಪ್ಲೈವುಡ್ ಕಪಾಟುಗಳ ಭಾರವನ್ನಂತೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ಭಾರ ಕೂರುವ ಜಾಗದ್ದು. ಪೈಪು, ವೈರು ಉಳಿಯಲಿ ಎಂದು ಅಡುಗೆ ಕಟ್ಟೆ, ಟ್ಯಾಂಕು, ಬ್ಯಾಟರಿ ಎಲ್ಲವನ್ನೂ ಒಂದೇ ಬದಿಗೆ ಜೋಡಿಸಿಬಿಡುತ್ತಾರೆ. ಆ ಬದಿಯ ಸ್ಪ್ರಿಂಗ್ ಕುಗ್ಗುತ್ತದೆ, ಟೈರ್ ಹೆಚ್ಚು ಅದುಮುತ್ತದೆ, ಬೇಗ ಸವೆಯುತ್ತದೆ.

ಆದ್ದರಿಂದ ಮೊದಲ ಕೆಲಸ ವೇ ಬ್ರಿಡ್ಜ್‌ಗೆ ಹೋಗುವುದು. ಹಳೇ ಮದ್ರಾಸ್ ರಸ್ತೆ ಹಿಡಿದು ಹೊಸಕೋಟೆ ಕಡೆಗೆ ಹೋದರೆ ಲಾರಿಗಳಿಗಾಗಿ ಇಟ್ಟಿರುವ ತೂಕದ ಕಟ್ಟೆಗಳು ಸಿಗುತ್ತವೆ. ಟ್ಯಾಂಕ್ ತುಂಬಿಸಿ, ಸಾಮಾನು ಹೇರಿ, ಪ್ರಯಾಣದ ದಿನ ಹೇಗಿರುತ್ತದೋ ಹಾಗೆಯೇ ಹೋಗಿ. ಪೂರ್ತಿ ಗಾಡಿಯನ್ನು ಒಮ್ಮೆ ತೂಗಿಸಿ, ಮುಂದಿನ ಚಕ್ರಗಳನ್ನು ಮಾತ್ರ ಒಮ್ಮೆ, ಹಿಂದಿನವನ್ನು ಮಾತ್ರ ಒಮ್ಮೆ. ಕಟ್ಟೆಯ ಪಕ್ಕದ ನೆಲ ಸಮತಟ್ಟಾಗಿದ್ದು ಅಲ್ಲಿನವರು ಒಪ್ಪಿದರೆ ಎಡ ಹಿಂಚಕ್ರ, ಬಲ ಹಿಂಚಕ್ರಗಳನ್ನೂ ಬೇರೆ ಬೇರೆ ತೂಗಿಸಿ.

ಈ ಕೊನೆಯ ಅಂಕಿಯೇ ಮುಖ್ಯ. ಟೈರಿನ ಪಕ್ಕದಲ್ಲಿ ಅಳತೆಯ ಜೊತೆಗೆ 107/105 ಎಂಬಂಥ ಸಂಖ್ಯೆ ಇರುತ್ತದೆ. ಅದು ಟೈರ್ ಹೊರಬಲ್ಲ ಭಾರದ ಸಂಕೇತ. 107 ಎಂದರೆ ಒಂಟಿ ಟೈರಿಗೆ 975 ಕಿಲೋ, 105 ಎಂದರೆ ಜೋಡಿ ಚಕ್ರದಲ್ಲಿ ಒಂದೊಂದಕ್ಕೆ 925 ಕಿಲೋ. ಹಿಂದೆ ಒಂಟಿ ಚಕ್ರಗಳಿರುವ ಗಾಡಿಯ ಹಿಂಭಾರ 1,900 ಕಿಲೋ ಬಂತೆನ್ನಿ. ಎರಡು ಟೈರ್ ಸೇರಿ 1,950 ಹೊರುತ್ತವೆ, ಸಾಕು ಅನ್ನಿಸುತ್ತದೆ. ಆದರೆ ಬಲ ಚಕ್ರದ ಮೇಲೆ 1,050, ಎಡದ ಮೇಲೆ 850 ಇದ್ದರೆ ಬಲಗಡೆಯ ಟೈರ್ ತನ್ನ ಶಕ್ತಿ ಮೀರಿ 75 ಕಿಲೋ ಹೊರುತ್ತಿದೆ. ಯಾವ ಅಲೈನ್‌ಮೆಂಟ್ ಯಂತ್ರವೂ ಇದನ್ನು ತೋರಿಸುವುದಿಲ್ಲ. ಬ್ಯಾಟರಿಯನ್ನು ಆಚೆ ಬದಿಗೆ ಸಾಗಿಸಿದರೆ ಮಾತ್ರ ಸರಿಹೋಗುತ್ತದೆ.

ಇನ್ನು ಟೈರನ್ನೇ ಓದುವುದು. ಎರಡೂ ಅಂಚು ಸವೆದು ನಡುವೆ ಗ್ರಿಪ್ ಉಳಿದಿದ್ದರೆ ಗಾಳಿ ಕಡಿಮೆ ಅಥವಾ ಭಾರ ಹೆಚ್ಚು. ನಡು ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಕ್ಯಾಂಬರ್, ಅಂದರೆ ಚಕ್ರ ನೆಟ್ಟಗೆ ನಿಲ್ಲದೆ ವಾಲಿದೆ. ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ, ಇಲ್ಲವೇ ಬ್ಯಾಲೆನ್ಸಿಂಗ್ ತಪ್ಪಿದೆ. ಸೋತ ಶಾಕ್ ಇಟ್ಟುಕೊಂಡು ಕಗ್ಗದಾಸಪುರದ ರೈಲ್ವೆ ಗೇಟು, ಸಾಲು ಹಂಪುಗಳನ್ನು ಪದೇ ಪದೇ ದಾಟಿದರೆ ಟೈರ್ ರಸ್ತೆಗೆ ಅಂಟಿಕೊಳ್ಳದೆ ಕುಣಿಯುತ್ತದೆ. ಪ್ರತಿ ಸಲ ನೆಲಕ್ಕೆ ಬಿದ್ದಾಗಲೂ ಒಂದಿಷ್ಟು ರಬ್ಬರ್ ಹೋಗುತ್ತದೆ.

ಕಣ್ಣಿಗೆ ಕಾಣದೆ ಕೈಗೆ ಸಿಗುವ ಸವೆತ ಟೋ ದೋಷದ್ದು. ಮೇಲಿನಿಂದ ನೋಡಿದಾಗ ಮುಂದಿನ ಎರಡು ಚಕ್ರಗಳ ಮೂತಿ ಒಳಕ್ಕೆ ತಿರುಗಿದ್ದರೆ ಟೋ-ಇನ್, ಹೊರಕ್ಕಿದ್ದರೆ ಟೋ-ಔಟ್. ಅಂಗೈಯನ್ನು ಟ್ರೆಡ್ ಮೇಲೆ ಹೊರಗಿನಿಂದ ಒಳಕ್ಕೆ ಸವರಿ, ಆಮೇಲೆ ಒಳಗಿನಿಂದ ಹೊರಕ್ಕೆ ಸವರಿ. ಒಳಕ್ಕೆ ಸವರಿದಾಗ ನುಣುಪು, ಹೊರಕ್ಕೆ ಸವರಿದಾಗ ಗರಗಸದಂತೆ ಬೆರಳಿಗೆ ತಾಕಿದರೆ ಟೋ-ಇನ್ ಹೆಚ್ಚಾಗಿದೆ. ಇದಕ್ಕೆ ವಿರುದ್ಧವಾಗಿದ್ದರೆ ಟೋ-ಔಟ್. ತಂತಿ ಹೊರಬಂದಿರುವ ಟೈರಿಗೆ ಬರಿಗೈ ಹಾಕಬೇಡಿ.

ಎಷ್ಟು ಸಣ್ಣ ದೋಷ ಎಷ್ಟು ರಬ್ಬರ್ ನುಂಗುತ್ತದೆ ನೋಡಿ. 700 ಮಿ.ಮೀ. ಎತ್ತರದ ಟೈರೊಂದರ ಮುಂಭಾಗ ಹಿಂಭಾಗಕ್ಕಿಂತ ಬರೀ 2 ಮಿ.ಮೀ. ಒಳಕ್ಕೆ ಸರಿದಿದೆ ಅಂದುಕೊಳ್ಳಿ. ಆ ಟೈರ್ ಒಂದು ಕಿ.ಮೀ. ಉರುಳುವಷ್ಟರಲ್ಲಿ ಸುಮಾರು 2.9 ಮೀಟರ್ ಅಡ್ಡಕ್ಕೂ ಎಳೆಸಿಕೊಳ್ಳುತ್ತದೆ. 350 ಕಿ.ಮೀ. ಓಡಿ ಹಂಪಿ ತಲುಪುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ಕಿ.ಮೀ. ಅಡ್ಡಕ್ಕೆ ಉಜ್ಜಿದಂತೆ. ತಯಾರಕರು ಬೇಕೆಂದೇ ತುಸು ಟೋ ಇಟ್ಟಿರುತ್ತಾರೆ, ನಿಜ. ಅದನ್ನು ಮೀರಿದ್ದೇ ಟೈರನ್ನು ತಿನ್ನುವುದು.

ಮುಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಇರುವ ವ್ಯಾನುಗಳಲ್ಲಿ ಭಾರ ಬಿದ್ದು ಗಾಡಿ ತಗ್ಗಿದಂತೆ ಟೋ, ಕ್ಯಾಂಬರ್ ಎರಡೂ ಬದಲಾಗುತ್ತವೆ. ಸಾಮಾನು ಇಳಿಸಿ, ಟ್ಯಾಂಕ್ ಬರಿದು ಮಾಡಿ ಅಲೈನ್‌ಮೆಂಟ್ ಮಾಡಿಸಿದರೆ ಯಂತ್ರದ ಪರದೆ ಮೇಲೆ ಎಲ್ಲ ಹಸಿರು ಬರುತ್ತದೆ, ಹೆದ್ದಾರಿಯಲ್ಲಿ ಟೈರ್ ಸವೆಯುತ್ತಲೇ ಇರುತ್ತದೆ. ಹೇರಿದ ಗಾಡಿಯನ್ನೇ ತಂದು ನಿಲ್ಲಿಸಿ, ಹಾಗೆಯೇ ಮಾಡಿಕೊಡಿ ಎಂದು ಪಟ್ಟು ಹಿಡಿಯಿರಿ. ಕಾರಿನ ಸಾಮಾನ್ಯ ಲಿಫ್ಟ್ ಈ ಭಾರ ಹೊರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಇಲ್ಲವೆಂದರೆ ಬಸ್ಸು, ಲಾರಿಗಳ ಅಲೈನ್‌ಮೆಂಟ್ ಮಾಡುವ ಕಡೆಗೇ ಹೋಗುವುದು ಲೇಸು.

ಅದಕ್ಕೂ ಮೊದಲು ಸಡಿಲವನ್ನು ಪರೀಕ್ಷಿಸಬೇಕು. ಜಾಕ್ ಹಾಕಿ, ಗಾಡಿ ಜಾರದಂತೆ ಸ್ಟ್ಯಾಂಡ್ ಕೊಟ್ಟು, ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟವಿದ್ದರೆ ಬೇರಿಂಗ್, ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್ ಮೇಲೆ ಅನುಮಾನ. ಎಡಬಲ ಹಿಡಿದಾಗ ಆಟವಿದ್ದರೆ ಟೈ ರಾಡ್ ಎಂಡ್. ಈ ಸಡಿಲ ಇಟ್ಟುಕೊಂಡು ಅಲೈನ್‌ಮೆಂಟಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ.

ಗಾಳಿಯ ವಿಷಯಕ್ಕೆ ಬಂದರೆ, ಪಂಕ್ಚರ್ ಅಂಗಡಿಯ ಅಂದಾಜೂ ಬೇಡ, ಟೈರ್ ಮೇಲೆ ಅಚ್ಚಾಗಿರುವ ಗರಿಷ್ಠ ಅಂಕಿಯೂ ಬೇಡ. ವೇ ಬ್ರಿಡ್ಜ್‌ನಲ್ಲಿ ಸಿಕ್ಕ ಭಾರಕ್ಕೆ ಎಷ್ಟು ಗಾಳಿ ಎಂಬ ಪಟ್ಟಿ ಟೈರ್ ಕಂಪನಿಗಳ ಬಳಿ ಇರುತ್ತದೆ, ಅದನ್ನು ನೋಡಿ. ಒಂದೇ ಅಕ್ಸಲ್‌ನ ಎರಡು ಬದಿಗೂ ಒಂದೇ ಒತ್ತಡ ಇರಬೇಕು, ಹೆಚ್ಚು ಭಾರದ ಬದಿಯ ಲೆಕ್ಕವೇ ಎರಡಕ್ಕೂ. ಬೆಳಿಗ್ಗೆ, ಗಾಡಿ ತೆಗೆಯುವ ಮುಂಚೆ ಅಳೆಯಿರಿ. 60 ಪಿಎಸ್‌ಐ ಆಸುಪಾಸಿನ ಟೈರಿನಲ್ಲಿ ಬಿಸಿ 10 ಡಿಗ್ರಿ ಏರಿದರೆ ಒತ್ತಡ ಸುಮಾರು ಎರಡೂವರೆ ಪಿಎಸ್‌ಐ ಏರುತ್ತದೆ. ದಾರಿಯಲ್ಲಿ ಬಿಸಿಯಾದ ಟೈರಿನ ಗಾಳಿ ಬಿಡಬೇಡಿ.

ಎಷ್ಟೋ ಕ್ಯಾಂಪರ್‌ಗಳ ಟೈರ್ ಸವೆಯುವ ಮುಂಚೆಯೇ ಮುದಿಯಾಗುತ್ತದೆ. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿ ನೋಡಿ: 2321 ಎಂದರೆ 2021ರ 23ನೇ ವಾರ ತಯಾರಾದದ್ದು. ಹತ್ತು ವರ್ಷವಾದ ಟೈರನ್ನು ಗ್ರಿಪ್ ಎಷ್ಟೇ ಇದ್ದರೂ ಬದಲಿಸಿ ಎಂದು ಹಲವು ಕಂಪನಿಗಳೇ ಹೇಳುತ್ತವೆ. ಪಕ್ಕದಲ್ಲಿ ಬಿರುಕು ಕಂಡರೆ ಅಷ್ಟು ದಿನವೂ ಕಾಯಬಾರದು.

ಟೈರುಗಳನ್ನು ಮುಂದೆ ಹಿಂದೆ ಬದಲಾಯಿಸುವ ಮುನ್ನ ಪ್ರತಿ ಟೈರಿನ ಒಳ ಅಂಚು, ನಡು, ಹೊರ ಅಂಚಿನ ಆಳವನ್ನು ಅಳೆದು, ಯಾವ ಚಕ್ರದ್ದೆಂದು ಬರೆದಿಡಿ. ಬದಲಾಯಿಸಿದ ಮೇಲೆ ಯಾವ ಮೂಲೆಯಲ್ಲಿ ದೋಷವಿತ್ತು ಎಂಬ ಗುರುತೇ ಅಳಿಸಿಹೋಗುತ್ತದೆ. ಕಾನೂನಿನ ಪ್ರಕಾರ ಗ್ರಿಪ್ 1.6 ಮಿ.ಮೀ.ಗಿಂತ ಕಡಿಮೆ ಇರಕೂಡದು. ಟ್ರೆಡ್ ಸಂದಿನಲ್ಲಿರುವ ಸಣ್ಣ ರಬ್ಬರ್ ದಿಬ್ಬದ ಮಟ್ಟಕ್ಕೆ ಯಾವ ಒಂದು ಅಂಚು ಬಂದರೂ, ಉಳಿದ ಭಾಗ ಹೊಸದರಂತೆ ಕಂಡರೂ, ಆ ಟೈರನ್ನು ಘಾಟಿಗೆ ಒಯ್ಯಬೇಡಿ.