ಸರದಿ ನಿಂತದ್ದೆಲ್ಲಿ?

ಹಿಟ್ಟಿನ ಗಿರಣಿಯ ಮುಂದೆ ಸಾಲಾಗಿ ಇಟ್ಟಿರುವ ಡಬ್ಬಗಳನ್ನು ವಾಚಕರೆಲ್ಲರೂ ಕಂಡಿರಬಹುದು. ಗೋಧಿಯನ್ನು ತಂದವನು ಅದು ಹಿಟ್ಟಾಗುವವರೆಗೆ ಕಾದು ನಿಲ್ಲುವುದಿಲ್ಲ. ಡಬ್ಬವನ್ನು ಸಾಲಿನಲ್ಲಿಟ್ಟು ತನ್ನ ಬೇರೆ ಕೆಲಸಕ್ಕೆ ಹೊರಟುಹೋಗುತ್ತಾನೆ. ಗಿರಣಿಯವನು ಒಂದೊಂದನ್ನೇ ಒಳಗೊಯ್ದು ಬೀಸಿಕೊಡುತ್ತಾನೆ. ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಹಿನ್ನೆಲೆ ಕಾರ್ಯಗಳ ಸರದಿ ಎಂಬುದು ಇದೇ ಬಗೆಯ ಏರ್ಪಾಡು. ಜಾಲತಾಣದಲ್ಲಿ ಅರ್ಜಿಯನ್ನು ಸಲ್ಲಿಸಿದೊಡನೆ ‘ಸ್ವೀಕರಿಸಲಾಗಿದೆ’ ಎಂಬ ಉತ್ತರ ಬರುತ್ತದೆ. ರಸೀದಿಯ ಸಿದ್ಧತೆ, ಪತ್ರದ ರವಾನೆ ಮೊದಲಾದ ನಿಧಾನದ ಕೆಲಸಗಳು ಸಂದೇಶದ ರೂಪದಲ್ಲಿ ಸರದಿಯನ್ನು ಸೇರಿ, ಅನಂತರ ಮತ್ತೊಂದು ಪ್ರೋಗ್ರಾಮಿನಿಂದ ನೆರವೇರುತ್ತವೆ. ಈ ಎರಡನೆಯ ಪ್ರೋಗ್ರಾಮನ್ನು ‘ಕೆಲಸಗಾರ’ ಎಂದು ಕರೆಯೋಣ.

ದೂರದ ಗಣಕಾಗಾರಗಳನ್ನು ಬಾಡಿಗೆಗೆ ಬಳಸುವ ‘ಕ್ಲೌಡ್’ ಪದ್ಧತಿಯಲ್ಲಿ ಇಂತಹ ಸರದಿಗಳು ಸಿದ್ಧರೂಪದಲ್ಲಿಯೇ ದೊರೆಯುತ್ತವೆ. ಅಮೆಜಾನ್ ಸಂಸ್ಥೆಯು 2006ರಿಂದ ಸಾರ್ವಜನಿಕರಿಗೆ ಒದಗಿಸುತ್ತಿರುವ ಎಸ್‌ಕ್ಯೂಎಸ್ ಅವುಗಳಲ್ಲೊಂದು. ಕಲಿಯುವವನು ಮೊದಲ ದಿನವೇ ನಿಜವಾದ ಕ್ಲೌಡಿನಲ್ಲಿ ಪ್ರಯೋಗಕ್ಕಿಳಿಯಬೇಕಾಗಿಲ್ಲ. ಲೋಕಲ್‌ಸ್ಟ್ಯಾಕ್ ಎಂಬ ಸಾಧನವು ಡಾಕರ್ ಕಂಟೇನರಿನೊಳಗೆ ಕುಳಿತು, 4566ನೆಯ ಪೋರ್ಟಿನಲ್ಲಿ, ನಮ್ಮ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿಯೇ ಆ ಕ್ಲೌಡನ್ನು ಅನುಕರಿಸುತ್ತದೆ.

ಪ್ರಯೋಗಾಲಯದ ಅಂಕಗಳನ್ನು 40 ಮಂದಿ ವಿದ್ಯಾರ್ಥಿಗಳಿಗೆ ಪತ್ರಮುಖೇನ ತಿಳಿಸುವ ಪ್ರೋಗ್ರಾಮೊಂದನ್ನು ನಾನು ಹೀಗೆಯೇ ಪರೀಕ್ಷಿಸುತ್ತಿದ್ದೆ. ಗುಂಡಿಯನ್ನು ಒತ್ತಿದೆ, ಏನೂ ನಡೆಯಲಿಲ್ಲ. ಮತ್ತೊಮ್ಮೆ ಒತ್ತಿದೆ. ನಡುವೆ ಕೂಡಿಕೆಯಲ್ಲೊಂದು ತಪ್ಪು ಕಂಡಿತು. ಅದನ್ನು ತಿದ್ದಿ ಮೂರು ಬಾರಿ ಒತ್ತಿದೆ. ಕೊನೆಗೆ ಕೆಲಸಗಾರನ ದೋಷವು ತಿಳಿದು ಅದನ್ನು ಸರಿಪಡಿಸಿದ ಕ್ಷಣವೇ, ಸರದಿಯಲ್ಲಿ ಮೌನವಾಗಿ ಕಾದಿದ್ದ 200 ಪತ್ರಗಳೂ ಹೊರಟುಹೋದವು! ಸರದಿಯು ಅನುಕರಣೆಯದಾಗಿದ್ದರೂ ಅಂಚೆ ಮಾತ್ರ ನಿಜವಾದದ್ದಾಗಿತ್ತು. ಮರುದಿನ ಬೆಳಿಗ್ಗೆ ವಿದ್ಯಾರ್ಥಿನಿಯೊಬ್ಬಳು ಕಣ್ಣೀರು ತುಂಬಿಕೊಂಡು ಬಂದಳು. ಅವಳಿಗೆ ಬಂದಿದ್ದ ಐದು ಪತ್ರಗಳಲ್ಲಿ ಕಟ್ಟಕಡೆಯದರ ಪ್ರಕಾರ ಅವಳು ಅನುತ್ತೀರ್ಣಳು. ತಿದ್ದುವ ಮೊದಲಿನ ಪತ್ರವು ಕಡೆಯಲ್ಲಿ ಬಂದದ್ದು ಹೇಗೆ? ಇದಕ್ಕೆ ಉತ್ತರ ಬೇಕಾದರೆ ಸರದಿಯ ಒಳಗನ್ನು ನೋಡಬೇಕು.

ವಿದ್ಯುನ್ಮಂಡಲದಲ್ಲಿ ದೀಪವು ಹೊತ್ತದಿದ್ದಾಗ ಭೌತವಿಜ್ಞಾನದ ವಿದ್ಯಾರ್ಥಿಯು ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತುತ್ತಾ ಕೂರುವುದಿಲ್ಲ. ವೋಲ್ಟ್‌ಮೀಟರನ್ನು ಹಿಡಿದು ಒಂದೊಂದು ಬಿಂದುವಿನಲ್ಲಿಯೂ ಅಳೆಯುತ್ತಾನೆ. ಸರದಿಯಲ್ಲಿಯೂ ಅಳೆಯಬೇಕಾದ ಸಂಖ್ಯೆಗಳು ಎರಡಿವೆ: ಕಾಯುತ್ತಿರುವ ಸಂದೇಶಗಳೆಷ್ಟು, ಕೆಲಸಗಾರನ ಕೈಯಲ್ಲಿರುವವೆಷ್ಟು. ಕೆಟ್ಟ ಸಂದೇಶಗಳಿಗೆಂದು ಪ್ರತ್ಯೇಕ ಸರದಿಯನ್ನು ತೆರೆದಿದ್ದರೆ ಅಲ್ಲಿಯ ಎಣಿಕೆ ಮೂರನೆಯದು.

ಕಾಯುತ್ತಿರುವವು ಸೊನ್ನೆಯಾಗಿದ್ದು ಕೆಲಸವೂ ನಡೆದಿಲ್ಲವೆಂದರೆ, ಸಂದೇಶವು ಈ ಸರದಿಗೆ ಬಂದೇ ಇಲ್ಲವೆಂದು ಶಂಕಿಸಬೇಕು. ಮುಂಬಯಿ ವಲಯದ ಹೆಸರಿನಲ್ಲಿ ತೆರೆದ ಸರದಿಯನ್ನು ಉತ್ತರ ವರ್ಜೀನಿಯಾ ವಲಯದಲ್ಲಿ ಹುಡುಕಿದರೆ ಸಿಕ್ಕದು. ಅನುಕರಣ ಸಾಧನವನ್ನು ನಿಲ್ಲಿಸಿ ಮತ್ತೆ ಆರಂಭಿಸಿದಾಗ, ಉಳಿಸಿಕೊಳ್ಳುವ ಏರ್ಪಾಡನ್ನು ಮಾಡದಿದ್ದರೆ, ಹಿಂದಿನ ಸರದಿಗಳು ಅಳಿದುಹೋಗಿರುತ್ತವೆ ಎಂಬುದನ್ನೂ ನೆನಪಿಡಬೇಕು.

ಕಾಯುತ್ತಿರುವವು ಏರುತ್ತಲೇ ಇದ್ದು, ಕೈಯಲ್ಲಿರುವವು ಸೊನ್ನೆಯಾಗಿದ್ದರೆ, ಕೆಲಸಗಾರನು ಸರದಿಯನ್ನು ತಲುಪಿಯೇ ಇಲ್ಲ. ನನ್ನ ದೋಷ ಇದೇ ಆಗಿತ್ತು. ಕೆಲಸಗಾರನಿಗೆ ನಾನು ಕೊಟ್ಟಿದ್ದ ವಿಳಾಸ ‘ಲೋಕಲ್‌ಹೋಸ್ಟ್’, ಅಂದರೆ ‘ಈ ಯಂತ್ರವೇ’. ಆದರೆ ಕೆಲಸಗಾರನೂ ಬೇರೊಂದು ಕಂಟೇನರಿನೊಳಗಿದ್ದನು. ಪ್ರತಿಯೊಂದು ಕಂಟೇನರೂ ತನ್ನನ್ನೇ ‘ಈ ಯಂತ್ರ’ವೆಂದು ತಿಳಿಯುವುದರಿಂದ, ಅವನು ಪಕ್ಕದ ಮನೆಯಲ್ಲಿದ್ದ ಡಬ್ಬಗಳನ್ನು ತನ್ನ ಮನೆಯೊಳಗೇ ಹುಡುಕುತ್ತಿದ್ದನು. ಎರಡೂ ಕಂಟೇನರುಗಳನ್ನು ಒಂದೇ ಡಾಕರ್ ಜಾಲಕ್ಕೆ ಸೇರಿಸಿ, ಲೋಕಲ್‌ಸ್ಟ್ಯಾಕಿನ ಕಂಟೇನರಿಗೆ ಕೊಟ್ಟ ಹೆಸರನ್ನೇ ವಿಳಾಸವಾಗಿ ಬರೆದೊಡನೆ ಅದು ಸರಿಹೋಯಿತು.

ಸಂದೇಶವು ಕೈಗೆ ಹೋಗಿ ಮತ್ತೆ ಸಾಲಿಗೆ ಮರಳುತ್ತಿದ್ದರೆ ಕಾರಣವೇ ಬೇರೆ. ಕೆಲಸಗಾರನು ಸಂದೇಶವನ್ನು ಪಡೆದಾಗ ಅದು ಅಳಿಯುವುದಿಲ್ಲ. ಕೆಲವು ಕಾಲ ಇತರರ ಕಣ್ಣಿಗೆ ಮರೆಯಾಗುತ್ತದೆ, ಅಷ್ಟೆ. ಈ ಅವಧಿಯನ್ನು ನಾವು ಬೇರೆಯಾಗಿ ಗೊತ್ತುಪಡಿಸದಿದ್ದರೆ ಅದು 30 ಸೆಕೆಂಡುಗಳು. ಕೆಲಸ ಮುಗಿದ ಮೇಲೆ ಕೆಲಸಗಾರನೇ ಸಂದೇಶವನ್ನು ಅಳಿಸಬೇಕು. ಅವನು ನಡುವೆ ಕುಸಿದುಬಿದ್ದರೆ ಅವಧಿ ಮುಗಿದೊಡನೆ ಸಂದೇಶವು ಮತ್ತೆ ಕಾಣಿಸಿಕೊಳ್ಳುತ್ತದೆ. ಯಾವ ಕೆಲಸವೂ ಕಳೆದುಹೋಗದಿರಲೆಂದೇ ಈ ಜಾಣ್ಮೆ. ಆದರೆ ಕೆಲಸಕ್ಕೆ 40 ಸೆಕೆಂಡು ಬೇಕಾಗಿದ್ದರೆ, 30ನೆಯ ಸೆಕೆಂಡಿನಲ್ಲಿ ಎರಡನೆಯ ಕೆಲಸಗಾರನು ಅದನ್ನೇ ಮತ್ತೆ ಆರಂಭಿಸುತ್ತಾನೆ! ಅವಧಿಯನ್ನು ಕೆಲಸಕ್ಕಿಂತ ದೀರ್ಘವಾಗಿರಿಸುವುದೇ ಇದಕ್ಕೆ ಪರಿಹಾರ. ಸಂದೇಶದಲ್ಲಿಯೇ ದೋಷವಿದ್ದು ಪ್ರತಿ ಸಾರಿಯೂ ಕೆಲಸ ಕೆಡುತ್ತಿದ್ದರೆ, ಮೂರೋ ಐದೋ ಪ್ರಯತ್ನಗಳ ಬಳಿಕ ಅದನ್ನು ಕೆಟ್ಟ ಸಂದೇಶಗಳ ಸರದಿಗೆ ಸಾಗಿಸುವಂತೆ ನಿಯಮವನ್ನು ಹಾಕಬಹುದು.

ಇನ್ನು, ಎಲ್ಲವೂ ಸರಿಯಿದ್ದೂ ಸಾಲು ಬೆಳೆಯುತ್ತಿದ್ದರೆ? ಅಮೆರಿಕದ ಜಾನ್ ಲಿಟಲ್ ಎಂಬವರು 1961ರಲ್ಲಿ ಸಾಧಿಸಿದ ಸೂತ್ರವು ಇಲ್ಲಿ ನೆರವಾಗುತ್ತದೆ: ಸ್ಥಿರವಾದ ವ್ಯವಸ್ಥೆಯೊಂದರಲ್ಲಿ ಸರಾಸರಿ ಇರುವವರ ಸಂಖ್ಯೆಯು, ಬರುವ ವೇಗವನ್ನು ಒಬ್ಬೊಬ್ಬರೂ ಅಲ್ಲಿ ಕಳೆಯುವ ಸರಾಸರಿ ಕಾಲದಿಂದ ಗುಣಿಸಿದಷ್ಟು. ಸೆಕೆಂಡಿಗೆ 2 ಸಂದೇಶಗಳು ಬಂದು, ಒಂದೊಂದರ ಕೆಲಸಕ್ಕೆ 3 ಸೆಕೆಂಡು ಹಿಡಿಯುವುದಾದರೆ, ಸರಾಸರಿ 6 ಸಂದೇಶಗಳು ಸದಾ ಕೈಯಲ್ಲಿರಬೇಕು. ಒಂದೊಂದನ್ನೇ ಮಾಡುವ ಕೆಲಸಗಾರನು ಒಬ್ಬನೇ ಇದ್ದರೆ, ನಿಮಿಷಕ್ಕೆ ಬರುವ 120ರಲ್ಲಿ 20 ಮಾತ್ರ ತೀರಿ, ಸಾಲು ನೂರುನೂರಾಗಿ ಬೆಳೆಯುವುದು. ಇದು ದೋಷವಲ್ಲ, ಗಣಿತ.

ಈಗ ಆ ವಿದ್ಯಾರ್ಥಿನಿಯ ಪತ್ರಕ್ಕೆ ಬರೋಣ. ತಿದ್ದುವ ಮೊದಲಿನ ಪತ್ರವೊಂದು ಮೊದಲ ಯತ್ನದಲ್ಲಿ ರವಾನೆಯಾಗದೆ ಸರದಿಗೆ ಮರಳಿತ್ತು. ಅವಧಿ ಕಳೆದ ಬಳಿಕ ಮತ್ತೆ ಹೊರಟು, ಸರಿಯಾದ ಪತ್ರಗಳ ಹಿಂದೆ ಬಂದು ಸೇರಿತು. ಎಸ್‌ಕ್ಯೂಎಸ್‌ನ ಸಾಮಾನ್ಯ ಸರದಿಯು ಸಂದೇಶವು ಒಮ್ಮೆಯಾದರೂ ತಲುಪುವುದೆಂದು ಮಾತು ಕೊಡುತ್ತದೆ. ಒಮ್ಮೆ ಮಾತ್ರವೇ ಎಂದಾಗಲಿ, ಬಂದ ಕ್ರಮದಲ್ಲಿಯೇ ಎಂದಾಗಲಿ ಕೊಡುವುದಿಲ್ಲ. ಆದುದರಿಂದ ಆ ಹೊಣೆ ನಮ್ಮದು. ಈಗ ನನ್ನ ಪ್ರೋಗ್ರಾಮಿನಲ್ಲಿ ಪ್ರತಿಯೊಂದು ಪತ್ರಕ್ಕೂ ಒಂದು ಗುರುತಿನ ಸಂಖ್ಯೆಯಿದೆ. ಕೆಲಸಗಾರನು ಮೊದಲು ದಾಖಲೆಯನ್ನು ನೋಡಿ, ಅದೇ ಪತ್ರವಾಗಲಿ ಅದಕ್ಕಿಂತ ಹೊಸದಾಗಲಿ ಹೋಗಿದ್ದರೆ ಸುಮ್ಮನಾಗುತ್ತಾನೆ. ಪರೀಕ್ಷೆಯ ಕಾಲದಲ್ಲಿ ಅಂಚೆಯೂ ಅನುಕರಣೆಯ ಪೆಟ್ಟಿಗೆಗೇ ಬೀಳುತ್ತದೆ.

ಆಸಕ್ತ ವಿದ್ಯಾರ್ಥಿಗಳು ಈ ಪ್ರಯೋಗವನ್ನು ತಮ್ಮ ಕಂಪ್ಯೂಟರಿನಲ್ಲಿಯೇ ಮಾಡಬಹುದು. ಒಂದು ಸಂದೇಶವನ್ನು ಕಳುಹಿಸಿ, ಕೆಲಸದ ನಡುವೆ ಕೆಲಸಗಾರನನ್ನು ಬೇಕೆಂದೇ ನಿಲ್ಲಿಸಿ, ಗಡಿಯಾರವನ್ನು ನೋಡುತ್ತಾ ಆ ಸಂಖ್ಯೆಗಳನ್ನು ಬರೆದುಕೊಳ್ಳಿ. ಕೈಯಲ್ಲಿದ್ದ ಒಂದು, 30 ಸೆಕೆಂಡುಗಳ ಬಳಿಕ ಕಾಯುವ ಸಾಲಿಗೆ ಮರಳುವುದನ್ನು ಕಣ್ಣಾರೆ ಕಂಡವನು, ಏನೂ ನಡೆಯಲಿಲ್ಲವೆಂದು ಗುಂಡಿಯನ್ನು ಎರಡನೆಯ ಬಾರಿ ಒತ್ತುವ ಮುನ್ನ ಎಣಿಸಿ ನೋಡುವನು.