ಬೇಸಗೆಯೂ ಮನೆಯ ಮೂಕಪ್ರಾಣಿಗಳೂ

ಚೈತ್ರ ವೈಶಾಖಗಳು ಬಂದವೆಂದರೆ ಹುಲಸೂರು, ಬಸವಕಲ್ಯಾಣ, ಹುಮನಾಬಾದುಗಳ ಕಡೆ ಮಧ್ಯಾಹ್ನದ ಉಷ್ಣಮಾನವು 40 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಏರುವುದು ವಾಡಿಕೆ. ಆಗ ನಾವು ಪಡಸಾಲೆಯ ತಂಪನ್ನು ಆಶ್ರಯಿಸುತ್ತೇವೆ. ಅಂಗಳದಲ್ಲಿ ಕಟ್ಟಿಹಾಕಿದ ನಾಯಿಯಾದರೋ ಹಗ್ಗದ ಅಳತೆಯನ್ನು ಮೀರಿ ನೆರಳನ್ನು ಅರಸಿ ಹೋಗಲಾರದು. ಆದಕಾರಣ ಅದರ ದೇಹವು ಸೆಕೆಯನ್ನು ಎದುರಿಸುವ ಬಗೆಯನ್ನು ನಾವು ಮೊದಲು ತಿಳಿಯತಕ್ಕದ್ದು.

ಮನುಷ್ಯನ ಮೈಯೆಲ್ಲ ಬೆವರುತ್ತದೆ; ಬೆವರು ಆವಿಯಾಗುತ್ತ ದೇಹದ ಶಾಖವನ್ನು ಕೊಂಡೊಯ್ಯುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಂಪಾಗುವುದೂ ಇದೇ ನಿಯಮದಿಂದಲೇ. ನಾಯಿಗೆ ಅಂಗಾಲುಗಳಲ್ಲಿ ಮಾತ್ರ ಅಲ್ಪಸ್ವಲ್ಪ ಬೆವರುಂಟು. ಆದುದರಿಂದ ಅದು ತೇಕುತ್ತ, ನಾಲಗೆಯ ಮತ್ತು ಉಸಿರಿನ ಮಾರ್ಗದ ತೇವವನ್ನು ಆವಿಯಾಗಿಸಿ ತಂಪು ಪಡೆಯುತ್ತದೆ. ಗಾಳಿಯಾಡದ ಕೋಣೆಯಲ್ಲಿ ಈ ಉಪಾಯವು ಬೇಗನೆ ನಿಷ್ಫಲವಾಗುವುದು. ಪಗ್, ಬುಲ್‌ಡಾಗ್ ಮುಂತಾದ ಮೊಂಡುಮೂಗಿನ ಜಾತಿಗಳಿಗೆ ಉಸಿರಿನ ದಾರಿಯೇ ಇಕ್ಕಟ್ಟಾದುದರಿಂದ ಅಪಾಯವು ಇನ್ನೂ ಹೆಚ್ಚು.

ನಾಯಿಯ ಸಹಜವಾದ ಮೈಬಿಸಿ 38.5 ಡಿಗ್ರಿಯ ಸುಮಾರು. ಅದು 41ನ್ನು ಮೀರಿತೆಂದರೆ ಮಿದುಳು, ಮೂತ್ರಪಿಂಡಗಳು ಕೆಡತೊಡಗಿ, ಕೆಲವು ಗಂಟೆಗಳಲ್ಲಿಯೇ ಪ್ರಾಣಹಾನಿಯಾಗಬಹುದು.

ಹಾಗಾದರೆ ಮಾಡತಕ್ಕದ್ದೇನು? ತಗಡಿನ ಚಾವಣಿಯ ಕೆಳಗಿನದು ನಿಜವಾದ ನೆರಳಲ್ಲ. ಕಾದ ತಗಡು ಕೆಳಕ್ಕೂ ಶಾಖವನ್ನು ಸೂಸುತ್ತದೆ. ಮರದಡಿಯಲ್ಲಿ ಅಥವಾ ಗಾಳಿಯಾಡುವ ಪಡಸಾಲೆಯಲ್ಲಿ ಪ್ರಾಣಿಗೆ ಎಡೆಯಿರಲಿ. ಮಣ್ಣಿನ ಅಗಲ ಪಾತ್ರೆಯಲ್ಲಿ ನೀರಿಟ್ಟು ಆಗಾಗ್ಗೆ ಬದಲಿಸಬೇಕು. ನಾಯಿಯನ್ನು ತಿರುಗಾಡಿಸುವುದು ಮುಂಜಾನೆ ಅಥವಾ ಸಂಜೆ ತಡವಾಗಿ. ಡಾಂಬರಿನ ಮೇಲೆ ನಮ್ಮ ಅಂಗೈಯನ್ನು ಐದು ಸೆಕೆಂಡು ಇಡಲಾಗದಿದ್ದರೆ ಅದರ ಪಾದವೂ ಸುಡುವುದೆಂದೇ ತಿಳಿಯಬೇಕು. ಮುಚ್ಚಿದ ಮೋಟಾರು ಗಾಡಿಯಲ್ಲಿ ಕ್ಷಣಕಾಲವೂ ಬಿಟ್ಟುಹೋಗಕೂಡದು. ಬಿಸಿಲಿನಲ್ಲಿ ಒಳಗಿನ ಉಷ್ಣವು ಹತ್ತು ನಿಮಿಷಗಳಲ್ಲಿ ಸುಮಾರು 10 ಡಿಗ್ರಿ ಏರಬಲ್ಲದು.

ದುಡಿಯುವ ದನಗಳ ವಿಷಯದಲ್ಲಿ ಕಾಯಿದೆಯೇ ಉಂಟು. 1965ರ ಕೇಂದ್ರ ನಿಯಮಗಳ ಪ್ರಕಾರ, ಉಷ್ಣಮಾನವು 37 ಡಿಗ್ರಿಯನ್ನು ಮೀರುವ ಪ್ರದೇಶಗಳಲ್ಲಿ ಹಗಲು 12ರಿಂದ 3 ಗಂಟೆಯವರೆಗೆ ಗಾಡಿಗೆ ಎತ್ತುಗಳನ್ನು ಹೂಡುವಂತಿಲ್ಲ. ದೇವಣಿ ಎತ್ತಿನಂಥ ಗಟ್ಟಿ ತಳಿಗೂ ಈ ವಿಶ್ರಾಂತಿ ಸಲ್ಲತಕ್ಕದ್ದೆಂದ ಮೇಲೆ, ಮನೆಯ ನಾಯಿಗೆ ಅದು ಬೇಡವೆನ್ನಲು ಕಾರಣವಿಲ್ಲ.

ಎಡೆಬಿಡದ ತೇಕು, ಜೊಲ್ಲು, ತೂರಾಟ, ವಾಂತಿ, ಇವು ಉಷ್ಣಾಘಾತದ ಲಕ್ಷಣಗಳು. ತಣ್ಣೀರು ಸೋಕಿದರೆ ಕೇಡೆಂಬ ನಂಬಿಕೆಯಿಂದ ಕೆಲವರು ಕೈಕಟ್ಟಿ ಕುಳಿತುಕೊಳ್ಳುತ್ತಾರೆ. ಇದು ಸರಿಯಲ್ಲ. ನೆರಳಿಗೆ ಒಯ್ದು, ತಲೆಯನ್ನು ಬಿಟ್ಟು ಮೈಮೇಲೆಲ್ಲ ನೀರು ಸುರಿಯುತ್ತ ಗಾಳಿ ಬೀಸಬೇಕು. ಒದ್ದೆ ಬಟ್ಟೆಯನ್ನು ಹೊದಿಸಿಬಿಟ್ಟರೆ ಶಾಖವು ಒಳಗೇ ನಿಲ್ಲುವುದು. ಎಚ್ಚರ ತಪ್ಪಿದ ಪ್ರಾಣಿಯ ಬಾಯಿಗೆ ನೀರು ಹೊಯ್ಯಕೂಡದು. ಮೊದಲು ಮೈ ತಣಿಸಿ, ಬಳಿಕ ಪಶುವೈದ್ಯರಲ್ಲಿಗೆ ಕರೆದೊಯ್ಯುವುದು. ಚೇತರಿಸಿಕೊಂಡಂತೆ ಕಂಡರೂ ಒಳಗಿನ ಹಾನಿಯು ಮರುದಿನ ತೋರಬಹುದಾದುದರಿಂದ, ವೈದ್ಯರಿಗೆ ತೋರಿಸದೆ ಬಿಡಬಾರದು.