ಮಣಿಕಟ್ಟಿನ ಶಸ್ತ್ರಚಿಕಿತ್ಸೆ: ಹತ್ತು ವರ್ಷದ ನಂತರ ಏನು?

ಬೆಳಗ್ಗೆ ಎದ್ದಾಗ ಕೈ ಬಿಗಿದುಕೊಂಡು, ಸಡಿಲಗೊಳ್ಳಲು ಗಂಟೆಗಿಂತ ಹೆಚ್ಚು ಹೊತ್ತು ಬೇಕೇ? ಎರಡೂ ಮಣಿಕಟ್ಟು ಊದಿವೆಯೇ? ಅದು ಬರೀ ವಯಸ್ಸಿನ ನೋವಲ್ಲ, ರುಮಟಾಯ್ಡ್ ಸಂಧಿವಾತ ಇರಬಹುದು. ಹುತ್ರಿದುರ್ಗದ ಸುತ್ತಿನ ಮನೆಗಳಲ್ಲಿ ಮುದ್ದೆ ತಿರುವುವ ಕೋಲು ಹಿಡಿದ ಕೈಗೆ ಇದರ ಬಿಸಿ ಬೇಗ ತಟ್ಟುತ್ತದೆ.

ಔಷಧಿಗೆ ಬಗ್ಗದೆ ಕೀಲು ಸವೆದಾಗ ವೈದ್ಯರು ಶಸ್ತ್ರಚಿಕಿತ್ಸೆಯ ಮಾತೆತ್ತುತ್ತಾರೆ. "ನೋವು ಹೋಗುತ್ತದೆಯೇ?" ಎಂದು ನೀವು ಕೇಳುತ್ತೀರಿ. ಹತ್ತು ವರ್ಷದ ನಂತರ ಈ ಕೈಯಿಂದ ಏನೇನು ಕೆಲಸ ಆದೀತು ಎಂದೂ ಕೇಳಿ.

ಹೆಚ್ಚು ಬಾಳಿಕೆ ಬರುವುದು ಕೀಲನ್ನು ಬೆಸೆಯುವ ವಿಧಾನ. ಲೋಹದ ಪಟ್ಟಿ ಅಥವಾ ಸರಳಿನಿಂದ ಮೂಳೆಗಳನ್ನು ಒಂದುಗೂಡಿಸುತ್ತಾರೆ. ಒಮ್ಮೆ ಕೂಡಿಕೊಂಡರೆ ಆ ಕೀಲಿನ ನೋವು ಸಾಮಾನ್ಯವಾಗಿ ಮರಳುವುದಿಲ್ಲ, ಹಿಡಿತವೂ ಸುಧಾರಿಸುತ್ತದೆ. ಆದರೆ ಮಣಿಕಟ್ಟು ಮುಂದಕ್ಕೂ ಹಿಂದಕ್ಕೂ ಬಾಗದು. ಬೀಗದ ಕೈ ತಿರುಗಿಸುವಂಥ ಮುಂಗೈಯ ತಿರುವು ಮಾತ್ರ ಬೇರೆ ಕೀಲಿನದು, ಅದು ಉಳಿಯುತ್ತದೆ. ಕೃತಕ ಕೀಲು ಜೋಡಿಸಿದರೆ ಬಾಗುವಿಕೆ ಉಳಿದೀತು. ಆದರೆ ವರ್ಷಗಳು ಕಳೆದಂತೆ ಅದು ಮೂಳೆಯಿಂದ ಸಡಿಲವಾಗಿ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕೊಡ ಹೊರುವ, ಸೌದೆ ಒಡೆಯುವ ಕೈಗೆ ಅದು ಹೊಂದದು.

ಹೇಳಲು ಸಂಕೋಚಪಡುವ ಒಂದು ವಿಷಯವಿದೆ. ಶೌಚದ ನಂತರ ತೊಳೆದುಕೊಳ್ಳಲು ಮಣಿಕಟ್ಟು ಬಾಗಲೇಬೇಕು. ಎರಡೂ ಕೈ ಬೆಸೆದರೆ ಇದು ಕಷ್ಟ. ಆದ್ದರಿಂದ ಒಂದು ಕೈಯಲ್ಲಾದರೂ ಬಾಗುವಿಕೆ ಉಳಿಸಲು ಸಾಧ್ಯವೇ, ಯಾವ ಕೋನದಲ್ಲಿ ಬೆಸೆಯುತ್ತೀರಿ ಎಂದು ಮೊದಲೇ ಕೇಳಿ. ಸುಜೂದ್‌ನಲ್ಲಿ ಅಂಗೈ ಊರುವುದೂ ಕಷ್ಟವಾದೀತು. ರೋಗಿಗೆ ರಿಯಾಯಿತಿ ಇದೆ, ನೋವು ನುಂಗಿ ಒತ್ತಬೇಡಿ. ಪ್ಲಾಸ್ಟರ್ ಇರುವವರೆಗೆ ವುಝೂವಿನಲ್ಲಿ ಅದನ್ನು ನೆನೆಸಬಾರದು, ಮೇಲೆ ಒದ್ದೆ ಕೈ ಸವರಿದರೆ ಸಾಕು.

ಶಸ್ತ್ರಚಿಕಿತ್ಸೆ ಒಂದು ಕೀಲನ್ನು ಸರಿಪಡಿಸುತ್ತದೆ, ರೋಗವನ್ನಲ್ಲ. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು "ಆಪರೇಷನ್ ಆಯಿತಲ್ಲ" ಎಂದು ನೀವೇ ನಿಲ್ಲಿಸಿದರೆ ಬೆರಳುಗಳು ಸೊಟ್ಟಗಾಗುತ್ತಾ ಹೋಗಬಹುದು. ಬೆಸೆದ ಮಣಿಕಟ್ಟು ಗಟ್ಟಿಯಾಗಿದ್ದೂ ಕೈ ಕೆಲಸಕ್ಕೆ ಬಾರದಂತಾಗುವುದು ಹೀಗೆ.

ಕಿರುಬೆರಳು ಅಥವಾ ಉಂಗುರ ಬೆರಳು ಒಂದು ದಿನ ಇದ್ದಕ್ಕಿದ್ದಂತೆ ಮೇಲೇಳದಿದ್ದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಮಣಿಕಟ್ಟಿನ ಸವೆದ ಮೂಳೆ ಉಜ್ಜಿ ಬೆರಳಿನ ಸ್ನಾಯುರಜ್ಜು ತುಂಡಾಗಿರಬಹುದು. ತಡವಾದರೆ ಪಕ್ಕದ ಬೆರಳಿನದೂ ಹರಿಯುತ್ತದೆ, ರಿಪೇರಿಯ ಫಲವೂ ಕುಗ್ಗುತ್ತದೆ. ಅದೇ ವಾರ ತುಮಕೂರು ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ ತೋರಿಸಿ.